ನೀರು ಕೇಳುವ ಗಿಡ

"ಅದನ್ನ ಸರಸೋ, ಜನಾಜಾ ತಿರಗೂದಿಲ್ಲ!" ಶವದ ಮಂಚ ಹೊರಲು ನಿಂತವರಲ್ಲಿ ಯಾರೋ ಕೂಗಿದ್ದಕ್ಕೆ ಆಸಿಫ್ ಭೂತಾಳೆಯ ಕುಂಡವನ್ನು ತಬ್ಬಿ ಎತ್ತಿದ. ಮುಳ್ಳು ಮೊಣಕೈ ಗೀರಿತು. ಅಪ್ಪ ತಂದ ಗಿಡಗಳೆಲ್ಲ ಹೀಗೇ, ಅಂಗಳದಲ್ಲಿ ಪೈಲ್ವಾನರ ಹಾಗೆ ನಿಲ್ಲುವಂಥವು.

ಪಡಸಾಲೆಯಲ್ಲಿ ಕುಳಿತ ಜುಬೇದಾಬಿಗೆ ಅತ್ತತ್ತು ಸಾಕಾಗಿತ್ತು. ಗಂಡ ಮೀರಾಸಾಬನನ್ನು ಇನ್ನೇನು ಎತ್ತುತ್ತಾರೆ. ಮಣ್ಣು ಕೊಟ್ಟ ಮೇಲೆ ತಲೆಗಡೆ ಒಂದು ಹಸಿರು ಗಿಡ ನೆಡುವುದು ಅವರ ಓಣಿಯ ರೂಢಿ. ಯಾವುದನ್ನು ಕಳಿಸುವುದು ಎಂಬುದಷ್ಟೇ ಅವಳ ಕೈಯಲ್ಲಿ ಉಳಿದಿತ್ತು. ಗಂಡ ಸತ್ತವಳು ನಾಲ್ಕು ತಿಂಗಳು ಹತ್ತು ದಿನ ಕೂರುವ ಇದ್ದತ್ತು ಮುಗಿಯುವವರೆಗೆ ಅವಳು ಹೊಸ್ತಿಲು ದಾಟುವಂತಿಲ್ಲ. ಮುಗಿದರೂ ಅಲ್ಲಿಯ ಹೆಂಗಸರು ಕಬರಸ್ತಾನಕ್ಕೆ ಹೋಗುವುದಿಲ್ಲ.

"ಅಮ್ಮಿ, ಲೋಳಸರ ಒಯ್ಯತೇನಿ. ಅದನ್ನ ಯಾರೂ ನೋಡಕೊಳ್ಳೂದ ಬ್ಯಾಡ," ಎಂದ ಆಸಿಫ್.

"ಚಲೋ ಗಿಡಾರಿ. ಎಂಥಾ ಬಿಸಲಿಗೂ ಸಾಯೂದಿಲ್ಲ," ಪಕ್ಕದ ಮನೆಯ ಸೋಮವ್ವ ದನಿಗೂಡಿಸಿದಳು.

*

ಮೀರಾಸಾಬ ಲಾರಿ ಡ್ರೈವರ್. ವಾರಕ್ಕೊಮ್ಮೆ ಬೈಲಹೊಂಗಲದ ಮನೆ ಕಂಡರೆ ಹೆಚ್ಚು. ಬರುವಾಗ ಸವದತ್ತಿ ಗುಡ್ಡದಿಂದಲೋ ಕಿತ್ತೂರಿನ ಯಾರದೋ ಬೇಲಿಯಿಂದಲೋ ಒಂದು ಗಿಡ ಕಿತ್ತು ತಂದು ಊರುವನು.

"ನೋಡ, ನಾ ಮತ್ತ ಬರೂತನಕ ಒಂದ ಹನಿ ನೀರ ಕೇಳೂದಿಲ್ಲ ಇದು. ನಿನಗ ತ್ರಾಸಿಲ್ಲ."

ಪ್ರೀತಿಯಿಂದಲೇ ಅನ್ನುತ್ತಿದ್ದ, ಪಾಪ. ಆದರೆ ತನ್ನನ್ನೂ ಹೀಗೇ ಊರಿ ಹೋಗಿದ್ದಾನಲ್ಲ ಎಂದು ಅವಳಿಗೆ ಸಿಟ್ಟು ಬರುತ್ತಿತ್ತು. ಹಟಕ್ಕೆ ಬಿದ್ದು ಸಂತೆಯಲ್ಲಿ ಒಂದು ಗುಲಾಬಿ ಕೊಂಡಳು. ಒಂದು ದಿನ ತಪ್ಪಿದರೆ ಎಲೆ ಜೋಲುಬೀಳುವ ನಾಜೂಕಿನ ಗಿಡ. ನಳ ಬಾರದ ದಿನ ಅಕ್ಕಿ ತೊಳೆದ ನೀರು ಹಾಕಿ ಸಾಕಿದಳು.

*

"ಗುಲಾಬಿ ಒಯ್ಯಿ," ಎಂದಳು ಜುಬೇದಾಬಿ.

"ಅದು ಉಳಿಯೂದಿಲ್ಲ ಅಮ್ಮಿ. ದಿನಾ ನೀರ ಹಾಕಬೇಕ."

"ಹಾಕಬೇಕ. ಯಾರರ ದಿನಾ ಹೋಗಬೇಕಲ್ಲ ಅವರ ಹತ್ರ. ನಾ ಅಂತೂ ಹೋಗಾಂಗಿಲ್ಲ."

"ನಾಳೆ ನಸುಕಿನ್ಯಾಗ ರಾಮದುರ್ಗಕ್ಕ ಟೆಂಪೋ ಬಿಡಬೇಕ ನಾ."

"ಹೋಗೂ ಮುಂದ ಹಾಕಿ ಹೋಗು."

ಸೋಮವ್ವ ಸೆರಗು ಬಾಯಿಗೊತ್ತಿಕೊಂಡಳು. ಆಸಿಫ್ ಗುಲಾಬಿಯ ಕುಂಡ ಕಂಕುಳಲ್ಲಿಟ್ಟುಕೊಂಡು ಗಂಡಸರ ಹಿಂದೆ ನಡೆದ.

ಸಂಜೆ ಬಂದವನು ಕೈ ತೊಳೆದು, ಸೋಮವ್ವ ಕಳಿಸಿದ್ದ ಅನ್ನದಲ್ಲಿ ಎರಡು ತುತ್ತು ಉಂಡು, ಅಲ್ಲೇ ಗೋಡೆಗೆ ಒರಗಿ ನಿದ್ದೆಹೋದ. ನೆಟ್ಟೆಯಾ ಎಂದು ಕೇಳಲು ಅವಳಿಗೆ ಮನಸ್ಸಾಗಲಿಲ್ಲ, ಅವನೂ ದಣಿದಿದ್ದ. ಮಂಡಿ ಹಿಡಿದುಕೊಂಡು ಎದ್ದು ಕೊಡಪಾನ ತುಂಬಿದಳು. ಹೊಸ್ತಿಲಾಚೆ ಮಗನ ಚಪ್ಪಲಿ ಮಣ್ಣು ಮೆತ್ತಿಕೊಂಡು ಬಿದ್ದಿದ್ದವು. ಜುಬೇದಾಬಿ ಒಳಗಿನಿಂದಲೇ ಬಾಗಿ, ಕೈ ಚಾಚಿ, ತುಂಬಿದ ಕೊಡಪಾನವನ್ನು ಎರಡೂ ಚಪ್ಪಲಿಗಳ ಮೇಲೆ ಇಟ್ಟಳು.