ಪಿಕಪ್ಪಿನ ನೆತ್ತಿಯ ಆಂಟೆನಾ

ಹರಪನಹಳ್ಳಿಯ ಅಮರೇಶ್ ಪಂಪ್‌ಸೆಟ್ ವ್ಯಾಪಾರಕ್ಕೆಂದು ಹೊಸ ಪಿಕಪ್ ಕೊಂಡಾಗ, ಅದರಲ್ಲಿ ದೂರದವರೊಡನೆ ತಂತಿಯಿಲ್ಲದೆ ಮಾತಾಡುವ ಹ್ಯಾಮ್ ರೇಡಿಯೊ ಒಂದನ್ನು ಕೂಡಿಸಬೇಕೆಂದು ಅವನ ಹೆಂಡತಿ ಸುಕನ್ಯಾ ಹಟ ಹಿಡಿದಳು. ಮದುವೆಗೆ ಮುಂಚೆಯೇ ಅದರ ಪರೀಕ್ಷೆ ಪಾಸಾಗಿ ಪರವಾನಗಿ ಪಡೆದವಳು ಅವಳು. ರೇಡಿಯೊಗೆ ಅಮರೇಶ್ ಒಪ್ಪಿದ. ಜಗಳವಾದದ್ದು ಆಂಟೆನಾದ ವಿಷಯಕ್ಕೆ. ಮೊಳದುದ್ದದ ಕಡ್ಡಿ ಸಾಕು, ಆದರೆ ಅದು ಕ್ಯಾಬಿನ್ನಿನ ನೆತ್ತಿಯ ನಟ್ಟನಡುವೆ ನಿಲ್ಲಬೇಕು, ಸುತ್ತಲೂ ತಗಡಿದ್ದರೆ ದನಿ ನಾಲ್ಕೂ ಕಡೆ ಹೋಗುತ್ತದೆ ಎಂದಳು. ಹೊಸ ಗಾಡಿಗೆ ತೂತು ಕೊರೆಯಲು ಅವನು ಬಿಡಲಿಲ್ಲ. ಕೊನೆಗೆ ಅವಳು ಅಯಸ್ಕಾಂತದ ಬುಡವೊಂದನ್ನು ತರಿಸಿ, ತೂತಿಲ್ಲದೆಯೇ ಅಲ್ಲಿ ನಿಲ್ಲಿಸಿದಳು.

ಆ ಮಳೆಗಾಲದಲ್ಲಿ ತುಂಗಭದ್ರೆ ಉಕ್ಕಿತು. ಹಡಗಲಿ ತಾಲ್ಲೂಕಿನ ನದಿದಂಡೆಯ ಹಳ್ಳಿಗಳಲ್ಲಿ ಟೆಲಿಫೋನು ಸತ್ತುಹೋಗಿತ್ತು. ಅಲ್ಲಿನ ಹಿರಿಯ ಹ್ಯಾಮ್ ರೇಡಿಯೊ ಹವ್ಯಾಸಿ ಓಬಳೇಶಪ್ಪ ತಮ್ಮ ರೇಡಿಯೊ ಹಿಡಿದು ತಹಸೀಲ್ದಾರರ ಕಚೇರಿಯಲ್ಲಿ ಕೂತರು. ಗಂಡ ಹೆಂಡತಿ ಪಿಕಪ್ಪಿನಲ್ಲಿ ಹೊಳೆಬದಿಗೆ ಹೊರಟರು.

ಅಲ್ಲೊಂದು ದಿಬ್ಬದ ಮೇಲೆ ಪಾಲಮ್ಮ ಎಂಬಾಕೆಯ ಮನೆಮಂದಿಯೆಲ್ಲ ಎಮ್ಮೆಗಳೊಂದಿಗೆ ಸಿಕ್ಕಿಬಿದ್ದಿದ್ದರು. ನೀರು ಏರುತ್ತಿತ್ತು. ದೋಣಿ ಕಳಿಸಿ ಎಂದು ಸುಕನ್ಯಾ ರೇಡಿಯೊದಲ್ಲಿ ಎಷ್ಟು ಕೂಗಿದರೂ ಓಬಳೇಶಪ್ಪನವರಿಗೆ ಊರಿನ ಹೆಸರೇ ತಿಳಿಯಲಿಲ್ಲ. ಮಾತು ಹರಿದು ಹರಿದು ಬರುತ್ತಿದೆ ಎಂದರು. ಅವಳು ಕೆಳಗಿಳಿದು ನೋಡಿದಳು. ಹೊರಡುವ ಅವಸರದಲ್ಲಿ ಗಮನಿಸಿರಲಿಲ್ಲ, ನೆತ್ತಿ ಬೋಳಾಗಿತ್ತು. ಆಂಟೆನಾ ಹಿಂದಿನ ಬಂಪರಿನಲ್ಲಿ, ಕಬ್ಬಿಣದ ಬಾಡಿಯ ಮರೆಯಲ್ಲಿ ನಿಂತಿತ್ತು.

ಬಣ್ಣಕ್ಕೆ ಗೀರು ಬೀಳುತ್ತದೆಂದು ತಾನೇ ಕಿತ್ತು ಹಿಂದಕ್ಕೆ ಹಾಕಿಸಿದೆ, ಅಯಸ್ಕಾಂತದ ಬುಡ ಮನೆಯಲ್ಲಿದೆ ಎಂದು ಅಮರೇಶ್ ಹೇಳಿದ. ಕಡ್ಡಿ ಎಲ್ಲಿದ್ದರೇನು ಎಂದೂ ಕೇಳಿದ.

ಸುಕನ್ಯಾಳಿಗೆ ಮೈಯೆಲ್ಲ ಉರಿಯಿತು. ಬಾಡಿ ಅಡ್ಡಬಾರದಂತೆ ಗಾಡಿ ತಿರುಗಿಸೋಣವೆಂದರೆ ರಸ್ತೆಯ ಎರಡೂ ಬದಿಗೆ ನೀರು. ಅವಳು ಬಂಪರಿನಿಂದ ಆಂಟೆನಾ ಬಿಚ್ಚಿದಳು. ರಿಪೇರಿ ಸಾಮಾನಿನ ಪೆಟ್ಟಿಗೆಯಿಂದ ಕೈಡ್ರಿಲ್ ತೆಗೆದಳು. ಅಮರೇಶ್ ಬಾನೆಟ್ಟಿಗೆ ಅಡ್ಡ ನಿಂತ.

"ಗಾಡಿ ನಂದೈತಿ, ಸುಕನ್ಯಾ."

"ಅಲ್ಲಿ ನೀರಾಗ ಮಂದಿ ನಿಂತಾರ. ಅತ್ಲಾಗ ಸರೀರಿ."

ಅವನು ಸರಿದ. ಅವಳು ಬಾನೆಟ್ ತುಳಿದು ಮೇಲೇರಿದಳು. ಸಿಟ್ಟಿನಲ್ಲಿ ಜೋರಾಗಿ ಒತ್ತಿದ್ದಕ್ಕೆ ಡ್ರಿಲ್ ಜಾರಿತು, ಬಣ್ಣ ಉದ್ದಕ್ಕೆ ಕಿತ್ತುಬಂತು. ಅವಳು ಅದನ್ನು ನೋಡಲೂ ಇಲ್ಲ. ತಗಡು ತೂತಾದ ಮೇಲೆ ಆಂಟೆನಾ ನಿಲ್ಲಿಸಿ, ನಟ್ ಬಿಗಿದು, ಕೆಳಗಿಳಿದು ಮತ್ತೆ ರೇಡಿಯೊದಲ್ಲಿ ಕೂಗಿದಳು. ಈ ಸಲ ಓಬಳೇಶಪ್ಪನವರು ಊರಿನ ಹೆಸರನ್ನು ತಿರುಗಿ ಹೇಳಿ, ದೋಣಿ ಹೊರಡಿಸಿದರು.

ಮನೆಮಂದಿಯೆಲ್ಲ ದಡ ಸೇರಿದರು. ಎಮ್ಮೆಗಳು ಮಾತ್ರ ದೋಣಿ ಬರುವಷ್ಟರಲ್ಲಿ ಕೊಚ್ಚಿಹೋಗಿದ್ದವು. ಪಾಲಮ್ಮ ಕೆಸರಿನಲ್ಲೇ ಕುಸಿದು ಕೂತು, ಒಂದೊಂದರ ಹೆಸರು ಹಿಡಿದು ಅತ್ತಳು. ಇನ್ನೊಂದಿಷ್ಟು ಮುಂಚೆ ಬರಬಾರದಿತ್ತೇ ಎಂದು ದೋಣಿಯವನನ್ನು ಕೇಳಿದಳು. ಅಮರೇಶ್ ಅಲ್ಲಿ ನಿಲ್ಲಲಾರದೆ ಗಾಡಿ ಹತ್ತಿದ. ತೂತಿಗೆ ರಬ್ಬರ್ ವಾಷರ್ ಹಾಕಿದರೆ ನೀರು ಸೋರುವುದಿಲ್ಲ ಎಂದು, ತನಗೇ ಹೇಳಿಕೊಂಡಂತೆ ಅಂದ.

"ನೀವು ಕಿತ್ತಿದ್ದಕ್ಕಷ್ಟೇ ಅಲ್ಲ ನನ್ನ ಸಿಟ್ಟು," ಎಂದಳು ಪಕ್ಕದಲ್ಲಿ ಬಂದು ಕೂತ ಸುಕನ್ಯಾ. "ನನ್ನ ಕೇಳ್ಲಿಲ್ಲ. ಕಿತ್ತ ಮ್ಯಾಲೂ ಹೇಳ್ಲಿಲ್ಲ. ನಾ ಹೇಳಿದ್ದು ನಿಮಗ ಮಾತೇ ಅಲ್ಲ."

ತಪ್ಪಾಯಿತು ಎಂದ ಅವನು. ಅಷ್ಟಕ್ಕೇ ಆರುವ ಸಿಟ್ಟಾಗಿರಲಿಲ್ಲ ಅದು. ಅವಳು ಮೈಕು ಎತ್ತಿಕೊಂಡು, ಮುಂದೆ ಯಾವ ಹಳ್ಳಿಗೆ ಹೋಗಬೇಕೆಂದು ಓಬಳೇಶಪ್ಪನವರನ್ನು ಕೇಳಿದಳು.