ಎರಡೂ ಅಂಗೈ

ಹನಿ, ಕನ್ನಡಕದ ಬಲಗಾಜಿನ ಮೇಲೊಂದು ಹನಿ, ಅದರ ಬೆನ್ನಿಗೇ ಇನ್ನೊಂದು, ಆಮೇಲೆ ಗಾಜಿನ ತುಂಬ ನೀರೇ ನೀರು — ಐದನೇ ಲೇನಿನವನು ಎಬ್ಬಿಸಿದ ನೀರು, ಅವನೇನು ಈಜುತ್ತಾನೋ ಬಟ್ಟೆ ಒಗೆಯುತ್ತಾನೋ — ಆ ನೀರಿನಾಚೆ ನಾಲ್ಕನೇ ಲೇನಿನವನ ಎಡಗೈ ಗೋಡೆಯ ಹಳದಿ ಪ್ಯಾಡಿನ ಮೇಲೆ ಐದೂ ಬೆರಳು ಬಿಡಿಸಿ ಕೂತದ್ದು ಕಂಡಿತು, ಚೆನ್ನಾಗಿಯೇ ಕಂಡಿತು, ಬಲಗೈ? ಬಲಗೈ ಎಲ್ಲಿ, ಅಯ್ಯೋ ದೇವರೇ, ಬಲಗೈ ಎಲ್ಲಿ ಹೋಯಿತು, ಅಷ್ಟರಲ್ಲಿ ಆ ಕೆಂಪು ಟೋಪಿಯ ಉದ್ದನೆಯ ಮನುಷ್ಯ ಮೊಣಕಾಲು ಮಡಚಿ, ತಿರುಗಿ, ಗೋಡೆಗೆ ಒದ್ದು ನೀರಿನಡಿ ಹೊರಟೂ ಹೋದ. ಗಂಡಸರ ನೂರು ಮೀಟರ್ ಬ್ರೆಸ್ಟ್‌ಸ್ಟ್ರೋಕ್, ಫೈನಲ್, ಲೋಕದ ಎಂಟು ಜನ ಗಟ್ಟಿಗರು, ಹನ್ನೆರಡು ಸಾವಿರ ಜನ ಎದ್ದು ನಿಂತು ಗಂಟಲು ಹರಿದುಕೊಳ್ಳುತ್ತಿದ್ದಾರೆ, ಇಷ್ಟೆಲ್ಲದರ ಮಧ್ಯೆ ಬಿಳಿ ಷರಟು ಬಿಳಿ ಪ್ಯಾಂಟು ತೊಟ್ಟು ಕೊಳದ ಈ ತುದಿಯಲ್ಲಿ ನಿಂತ ತೀರ್ಪುಗಾರನಿಗೆ ಇದ್ದದ್ದು ಒಂದೇ ಒಂದು ಕೆಲಸ, ನಾಲ್ಕನೇ ಲೇನಿನವನು ತಿರುಗುವಾಗ ಎರಡೂ ಕೈಯಿಂದ ಒಟ್ಟಿಗೇ ಗೋಡೆ ಮುಟ್ಟಿದನೇ ನೋಡುವುದು, ಮುಟ್ಟಿದರೆ ಸುಮ್ಮನೆ ನಿಲ್ಲುವುದು, ಒಂದೇ ಕೈ ಮುಟ್ಟಿದರೆ ತನ್ನ ಕೈ ಎತ್ತುವುದು, ಎತ್ತಿದ ಅಂದರೆ ಮುಗಿಯಿತು, ಈಜುವವನು ನಾಲ್ಕು ವರ್ಷ ಕೋಳಿ ಕೂಗುವ ಮೊದಲೇ ಎದ್ದು ತಣ್ಣೀರಿಗೆ ಬಿದ್ದದ್ದೆಲ್ಲ ನೀರುಪಾಲು. ಎತ್ತುವುದಾದರೆ ಈಗಲೇ ಎತ್ತಬೇಕು, ಆಮೇಲೆ ಎತ್ತಿದರೆ ಅದು ತೀರ್ಪಲ್ಲ, ಹೊಟ್ಟೆಕಿಚ್ಚು. ಎಡಗೈ ಕಂಡಿದೆ, ಬಲಗೈ ಕಂಡಿಲ್ಲ, ಒಂದೇ ಕೈ ಕಂಡಿದೆ ಅಂದಮೇಲೆ ಒಂದೇ ಕೈ — ಎತ್ತೋ, ಎತ್ತು, ಯಾರ ಮುಲಾಜು ನಿನಗೆ, ನೀನು ತಕ್ಕಡಿ. ಮನೆಯಿಂದ ಕಚೇರಿವರೆಗೆ ಎಲ್ಲರ ಬಾಯಲ್ಲೂ ಅವನು ತಕ್ಕಡಿಯೇ, ಅಳತೆ-ತೂಕದ ಇಲಾಖೆಯಲ್ಲಿ ಮೂವತ್ತು ವರ್ಷ ಅಂಗಡಿ ಅಂಗಡಿ ಸುತ್ತಿ ತಕ್ಕಡಿ ಪರೀಕ್ಷೆ ಮಾಡಿದವನು, ರಜೆಯ ದಿನ ಈಜು ಪಂದ್ಯಗಳಲ್ಲಿ ತೀರ್ಪು ಕೊಟ್ಟವನು, ಹತ್ತು ಗ್ರಾಂ ಕಡಿಮೆ ಬಿತ್ತೆಂದು ಸ್ವಂತ ಭಾವಮೈದುನನ ಅಂಗಡಿಯ ತಕ್ಕಡಿಯನ್ನೇ ಎತ್ತಿಕೊಂಡು ಬಂದವನು, ರೀ, ನಾಳೆ ನೀವು ಸತ್ರೆ ಹೆಗಲು ಕೊಡೋಕೆ ನಾಲ್ಕು ಜನ ಬರಲ್ಲ ನೋಡ್ತಿರಿ ಅಂತ ಹೆಂಡತಿ ಅಂದದ್ದು ಆವತ್ತೇ, ಬರದಿದ್ದರೆ ನಡೆದುಕೊಂಡೇ ಹೋಗ್ತೀನಿ ಬಿಡೆ ಅಂತ ಅವನು ಅಂದದ್ದೂ ಆವತ್ತೇ. ಈಗ ಅವನ ಬಲಗೈ ತೊಡೆಯ ಪಕ್ಕದಿಂದ ಒಂದು ಇಂಚು ಮೇಲೆದ್ದಿದೆ, ಅವನು ಹೇಳಿ ಎದ್ದದ್ದಲ್ಲ, ಅಭ್ಯಾಸಬಲ.

ಇದೇ ಕೈ, ಹದಿನೆಂಟು ವರ್ಷದ ಕೆಳಗೆ ಎತ್ತಿದ್ದೂ ಇದೇ ಕೈ, ಊರಿನ ಸಣ್ಣ ಕೊಳ, ಮೇಲೆ ಸೂರಿಲ್ಲ, ಉರಿಬಿಸಿಲು, ಹದಿಮೂರರ ಒಳಗಿನ ಹುಡುಗಿಯರ ಪಂದ್ಯ, ಆ ಕಡೆಯಿಂದ ಈ ಕಡೆಗೆ ಬಂದು ಒಂದೇ ಸಲ ಗೋಡೆ ಮುಟ್ಟಿ ವಾಪಸ್ಸು ಹೋದರೆ ಆಯಿತು, ಮೂರನೇ ಲೇನಿನಲ್ಲಿ ಅವನ ಮಗಳೇ, ಹನ್ನೆರಡು ವರ್ಷ, ಮುಂದಿನ ಎರಡು ಹಲ್ಲಿನ ನಡುವೆ ಕಿಂಡಿ, ಕಪ್ಪೆಯ ಹಾಗೆ ಕಾಲು ಬಡಿಯುತ್ತಾ ಎಲ್ಲರಿಗಿಂತ ಎರಡು ಮಾರು ಮುಂದೆ. ಬೆಳಿಗ್ಗೆಯೇ ಬೆಂಚಿನ ಮೇಲೆ ಯಾರೋ ಅಂದಿದ್ದರು, ಅಪ್ಪಾನೇ ಜಡ್ಜು, ಇನ್ನು ಮಗಳು ಗೆಲ್ಲದೆ ಬೇರೆ ಯಾರು ಗೆಲ್ತಾರೆ, ಆ ಮಾತು ಕಿವಿಯಲ್ಲಿ ಹುಳ ಹೊಕ್ಕ ಹಾಗೆ ಗುಂಯ್‌ಗುಡುತ್ತಿತ್ತು, ಇನ್ನೊಬ್ಬರಿಗೆ ಆ ಲೇನು ಕೊಡಿ ಎಂದು ಕೇಳಬಹುದಿತ್ತು, ಕೇಳಲಿಲ್ಲ, ಕೇಳಿದರೆ ತಕ್ಕಡಿ ಹೆದರಿದ ಅಂದಾರು ಎಂಬ ಜಂಬ. ಮಗಳು ಬಂದಳು, ನೀರಿನ ಮೇಲೆ ಬಿಸಿಲು ಕಣ್ಣು ಕುಕ್ಕಿತು, ಎಡಗೈ ಕಂಡಿತು, ಬಲಗೈ ಕಾಣಲಿಲ್ಲ, ಕೈ ಎತ್ತಿದ, ಎತ್ತಿ ಎದೆಯುಬ್ಬಿಸಿ ನಿಂತ, ನೋಡಿಕೊಳ್ಳಿ, ಇದಪ್ಪಾ ನ್ಯಾಯ! ಚೀಟಿಯಲ್ಲಿ ದುಂಡಗೆ ಬರೆದ, ಒಂದೇ ಕೈ. ಮಗಳು ನೀರಿನಿಂದ ಎದ್ದು ಒದ್ದೆ ಕಾಲಲ್ಲೇ ಓಡಿ ಬಂದು ಎರಡೂ ಅಂಗೈ ಮುಖದ ಮುಂದೆ ಹಿಡಿದಳು, ಎರಡೂ ಮುಟ್ಟಿದೆ ಅಪ್ಪಾ, ನೋಡು, ನೋಡಪ್ಪಾ. ಎರಡೂ ನೀಲಿ. ಅವನು ನಿಂತಿದ್ದ ತುದಿಯ ಗೋಡೆಗೆ ಮಾತ್ರ ಆ ವಾರ ಹೊಸ ಬಣ್ಣ ಬಳಿದಿದ್ದರು, ಒಣಗುವ ಮೊದಲೇ ಪುಣ್ಯಾತ್ಮರು ನೀರು ಬಿಟ್ಟಿದ್ದರು, ಮುಟ್ಟಿದವರ ಕೈಗೆಲ್ಲ ಮೆತ್ತುತ್ತಿತ್ತು. ಅವನು ನೋಡಲಿಲ್ಲ, ಅಂದರೆ ಕಣ್ಣು ನೋಡಿತು, ಅವನು ನೋಡಲಿಲ್ಲ, ತೀರ್ಪು ಅಂದ್ರೆ ತೀರ್ಪು, ಹೋಗು, ತಲೆ ಒರೆಸ್ಕೋ ಅಂದ. ಆ ಸಂಜೆ ಹಿತ್ತಿಲ ಮೆಟ್ಟಿಲ ಮೇಲೆ — ಬೇಡ, ಆ ಸಂಜೆ ಬೇಡ, ಅದು ಈಗ ಬೇಡ — ಮತ್ತೆ ಅವಳು ಪಂದ್ಯಕ್ಕೆ ಇಳಿಯಲಿಲ್ಲ, ಅತ್ತೂ ಇಲ್ಲ, ಜಗಳವಾಡಿದ್ದರೆ ಎಷ್ಟೋ ವಾಸಿಯಿತ್ತು, ಈಜುಡುಗೆಯನ್ನು ನೀಟಾಗಿ ಮಡಚಿ ಕಪಾಟಿನ ಮೇಲಿನ ಅರೆಗೆ ಹಾಕಿದಳು, ಅಷ್ಟೇ. ಈಗ ಅವಳಿಗೆ ಮೂವತ್ತು, ಸಿಟಿ ಬಸ್ಸು ಓಡಿಸುತ್ತಾಳೆ, ಅಪ್ಪ ಅಂದರೆ ಪ್ರಾಣ, ಈ ಕನ್ನಡಕ ಅವಳೇ ಕೊಡಿಸಿದ್ದು, ದೊಡ್ಡ ಪಂದ್ಯಕ್ಕೆ ಹೋಗ್ತಿದೀಯ, ಕಣ್ಣಾದ್ರೂ ನೆಟ್ಟಗಿರಲಿ ಅಂತ, ಎಲ್ಲಾ ಮಾತಾಡುತ್ತಾಳೆ, ಅದೊಂದನ್ನು ಬಿಟ್ಟು. ಅವನೂ ಅದೊಂದನ್ನು ಬಿಟ್ಟು. ಕೈ ಇನ್ನೂ ಅಲ್ಲೇ ಇದೆ, ತೊಡೆಯಿಂದ ಒಂದು ಇಂಚು ಮೇಲೆ, ಕಲ್ಲು ಕಟ್ಟಿದ ಹಾಗೆ ಭಾರ, ಎಡಗೈ ಕಂಡೆ, ಬಲಗೈ ಕಾಣಲಿಲ್ಲ, ಕಾಣಲಿಲ್ಲ ಅನ್ನುವುದೂ ಮುಟ್ಟಲಿಲ್ಲ ಅನ್ನುವುದೂ ಒಂದೇ ಏನೋ ಮಾರಾಯ, ಒಂದೇ ಏನು? ಅಲ್ಲ. ಬೆರಳು ಸಡಿಲ ಬಿಟ್ಟ, ತೋಳು ಸಡಿಲ ಬಿಟ್ಟ, ಕೈ ತೊಡೆಗೆ ಬಂದು ತಾಗಿತು, ಆ ತುದಿಯಲ್ಲಿ ಜನ ಹೋ ಎಂದರು.

ಬೋರ್ಡಿನ ಮೇಲೆ ನಾಲ್ಕನೇ ಲೇನು ಮೊದಲು, ಐದನೇ ಲೇನು ಎರಡನೆಯದು, ನಡುವೆ ಸೆಕೆಂಡಿನ ನೂರರಲ್ಲಿ ಮೂರು ಭಾಗ, ಕೆಂಪು ಟೋಪಿಯವನು ನೀರಿಗೆ ಗುದ್ದಿ ಗುದ್ದಿ ಕೂಗುತ್ತಿದ್ದಾನೆ, ತಕ್ಕಡಿಗೆ ಮಾತ್ರ ಒಂದೇ ಯೋಚನೆ, ಅವನು ನಿಜಕ್ಕೂ ಒಂದೇ ಕೈ ಮುಟ್ಟಿದ್ದರೆ? ಆಗ ಐದನೇ ಲೇನಿನವನಿಗೆ ಮಾಡಿದ ಅನ್ಯಾಯ ಯಾರ ತಲೆಗೆ, ಆವತ್ತು ನೋಡದೆ ಎತ್ತಿ ಕೆಡಿಸಿದೆ, ಈವತ್ತು ನೋಡದೆ ಬಿಟ್ಟು ಕೆಡಿಸಿದೆ, ಎರಡು ಕಡೆಯೂ ತೂಕ ತಪ್ಪಿದ ತಕ್ಕಡಿ, ಥೂ! ಅಂದುಕೊಂಡ ಹಾಗೇ ಆಯಿತು, ಐದನೇ ಲೇನಿನವನ ಕೋಚು ಕೆಂಡಾಮಂಡಲವಾಗಿ ಮೇಜಿನ ಹತ್ತಿರ ಕೈ ಆಡಿಸುತ್ತಿದ್ದಾನೆ, ಎಲ್ಲರೂ ಈ ಕಡೆಗೇ ತಿರುಗಿ ನೋಡಿದರು, ರೆಫರಿ ಬಂದರು, ನೀಳ ದೇಹದ ಹೆಂಗಸು, ದನಿ ಏರಿಸಿದ್ದನ್ನು ಯಾರೂ ಕೇಳಿಲ್ಲ. ನಾಲ್ಕನೇ ಲೇನು ನಿಮ್ದಲ್ವಾ, ತಿರುಗೋವಾಗ ಏನು ನೋಡಿದ್ರಿ? ಸುಳ್ಳು ಬಾಯಿಯವರೆಗೂ ಬಂದಿತ್ತು, ಎರಡೂ ಕೈ ಮುಟ್ಟಿದ, ನಾನು ಕಣ್ಣಾರೆ ಕಂಡೆ ಅಂದುಬಿಟ್ಟರೆ ಅಲ್ಲಿಗೆ ಮುಗಿಯುತ್ತಿತ್ತು. ಮೇಡಂ, ಎಡಗೈ ನೋಡಿದೆ, ಬಲಗೈ ನಾನು ನೋಡ್ಲಿಲ್ಲ, ಕನ್ನಡಕದ ಮೇಲೆ ನೀರು ಹಾರ್ತು. ನೋಡ್ಲಿಲ್ಲ ಅಂದ್ರೆ, ಮುಟ್ಲಿಲ್ಲ ಅಂತಾನಾ? ಅಲ್ಲ ಮೇಡಂ, ನೋಡ್ಲಿಲ್ಲ, ಅಷ್ಟೇ. ಅಷ್ಟೇ! ಬಲಗೈ ನಾನು ನೋಡ್ಲಿಲ್ಲ, ಮೂರು ಮಾತು, ಮೂರೇ ಮೂರು, ಹದಿನೆಂಟು ವರ್ಷ ಒಳಗೆ ಮುಳ್ಳಿನ ಹಾಗೆ ಕೂತಿದ್ದದ್ದು ಎಷ್ಟು ಸಲೀಸಾಗಿ ಹೊರಗೆ ಬಂದುಬಿಟ್ಟಿತು, ಯಾರೂ ನಗಲಿಲ್ಲ, ಆಕಾಶ ಕಳಚಿ ಬೀಳಲಿಲ್ಲ, ಆಕೆ ತಲೆಯಾಡಿಸಿ, ಬನ್ನಿ, ನೀರಿನೊಳಗಿನ ಕ್ಯಾಮೆರಾ ನೋಡೋಣ ಅಂದರು. ಸಣ್ಣ ಕೋಣೆ, ಗಾಳಿಯಾಡದ್ದು, ಪರದೆಯ ಮೇಲೆ ಹಸಿರು ನೀರು, ಕೆಂಪು ಟೋಪಿ ನಿಧಾನವಾಗಿ ಹತ್ತಿರ ಬರುತ್ತಿದೆ, ಮುಂದೆ ಬಿಡಿ ಅಂತ ಯಾರೋ ಅಂದರು, ಬರುತ್ತಿದೆ, ಇನ್ನೂ ಬರುತ್ತಿದೆ — ಮುಟ್ಟಿತು. ಎಡಗೈ ಮೇಲೆ, ಬಲಗೈ ಅದಕ್ಕಿಂತ ಒಂದು ಗೇಣು ಕೆಳಗೆ, ನೀರಿನೊಳಗೆ, ಎರಡೂ ಒಟ್ಟಿಗೆ, ಹತ್ತೂ ಬೆರಳು. ಕೋಚು ಏನೋ ಗೊಣಗಿ ಹೊರಟುಹೋದ, ರೆಫರಿ ಸಹಿ ಹಾಕಿ, ಸರಿಯಾಗೇ ಹೇಳಿದ್ರಿ ಸಾರ್ ಅಂದರು, ಅವನು ಅಲ್ಲೇ ಇದ್ದ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕುಸಿದು ಕೂತ, ಸದ್ಯ, ಬದುಕಿದೆ, ಬದುಕಿದೆ ಕಣಪ್ಪ.

ಹಾಯೆನಿಸುತ್ತಿದೆ, ಬಿಗಿಯಾದ ಬೂಟು ಬಿಚ್ಚಿದ ಹಾಗೆ, ನಗು ತಂತಾನೇ ಬರುತ್ತಿದೆ, ತೀರ್ಪುಗಾರರ ಕೋಣೆಯಲ್ಲಿ ಡಬ್ಬಿಗೆ ಹಾಕಿಟ್ಟಿದ್ದ ಫೋನನ್ನು ಯಾರೋ ಕೈಗೆ ಕೊಟ್ಟರು, ಮಗಳ ಮೂರು ಕರೆ, ಅವನು ತಿರುಗಿ ಮಾಡುವ ಮೊದಲೇ ನಾಲ್ಕನೆಯದು, ಅಪ್ಪಾ, ಟಿವಿಲಿ ನಿನ್ನ ತೋರಿಸಿದ್ರು, ಕನ್ನಡಕ ಒರೆಸ್ತಾ ನಿಂತಿದ್ದೆ, ಡಿಪೋದಲ್ಲಿ ಎಲ್ಲರಿಗೂ ಇವರೇ ನಮ್ಮಪ್ಪ ಅಂತ ತೋರಿಸಿದೆ, ಯಾಕೋ ಮುಖ ಪೆಚ್ಚಾಗಿತ್ತು, ಹುಷಾರಾಗಿದೀಯ ತಾನೆ? ಹೂಂ, ಹುಷಾರಾಗಿದೀನಿ, ಊಟ ಆಯ್ತಾ ಅಂತ ಕೇಳಲು ಬಾಯಿ ತೆರೆದವನು ಅದನ್ನು ಕೇಳಲಿಲ್ಲ, ಮುಳ್ಳು ಒಂದು ಸಲ ಸಡಿಲವಾಗಿದೆ, ಈಗಲ್ಲದಿದ್ದರೆ ಇನ್ನು ಯಾವಾಗ, ಅವತ್ತು ನಿನ್ನ ಬಲಗೈ ನಾನು ನೋಡಿರ್ಲಿಲ್ಲ ಕಣೆ, ಬಿಸಿಲು ಹೊಡೀತಿತ್ತು, ನೋಡ್ದೇನೇ ಕೈ ಎತ್ತಿಬಿಟ್ಟೆ. ಆ ಕಡೆ ದೂರದಲ್ಲಿ ಯಾವುದೋ ಬಸ್ಸು ಗುರುಗುಟ್ಟುತ್ತಾ ನಿಂತಿದೆ, ಕೇಳಿಸ್ತಾ ಅಂದ, ಕೇಳಿಸ್ತು ಅಂದಳು, ಗೊತ್ತು ಅಪ್ಪಾ. ಗೊತ್ತಾ? ಮತ್ತೆ, ಅವತ್ತು ಸಂಜೆ ಆ ಬಣ್ಣಕ್ಕೆ ಸೀಮೆಎಣ್ಣೆ ಹಾಕಿ ಒರೆಸಿದ್ದು ನೀನೇ ಅಲ್ವಾ, ಎರಡೂ ಕೈ ಒರೆಸಿದೆಯಲ್ಲ, ನಿನ್ನ ಮುಖಾನೇ ನೋಡ್ತಾ ಕೂತಿದ್ದೆ, ಈಗ ಹೇಳ್ತಾನೆ, ಈಗ ಹೇಳ್ತಾನೆ ಅಂತ, ಹದಿನೆಂಟು ವರ್ಷ ತಗೊಂಡ್ಯಲ್ಲಪ್ಪಾ, ನಿನ್ನ ತಕ್ಕಡಿ ಬಲು ನಿಧಾನ! ನಗುತ್ತಿದ್ದಾಳೆ, ಮೂಗು ಸೇದುತ್ತಾ ನಗುತ್ತಿದ್ದಾಳೆ, ಇವನೂ ನಗುತ್ತಿದ್ದಾನೆ, ಕನ್ನಡಕ ಮತ್ತೆ ಒದ್ದೆ, ಈ ಸಲ ಒಳಗಿನಿಂದ, ಸರಿ, ಬಸ್ಸು ಹೊರಡೋ ಟೈಮಾಯ್ತು, ಮನೆಗೆ ಬಾ, ಅಮ್ಮಂಗೂ ಹೇಳು, ಫೋನು ಇಟ್ಟಳು. ಹಗುರ, ಇಡೀ ಮೈ ಹಗುರ, ಹೊರಗೆ ಯಾರಿಗೋ ಚಪ್ಪಾಳೆ ತಟ್ಟುತ್ತಿದ್ದಾರೆ, ಬೋರ್ಡು, ಕೆಂಪು ಟೋಪಿ, ಹತ್ತು ಬೆರಳು, ಆ ಸಂಜೆಯ ಹಿತ್ತಿಲ ಮೆಟ್ಟಿಲು, ಹಳೆಯ ಬನಿಯನ್ನಿನ ತುಂಡು, ಸೀಮೆಎಣ್ಣೆಯ ಘಾಟು, ಕೊಡು ಕೈ ಅಂದಿದ್ದ, ಬಲಗೈ ಮೊದಲು ಕೊಟ್ಟಳು, ಉಜ್ಜಿದ, ನೀಲಿ ಹೋಗಿ ಬಿಳುಪಾಯಿತು, ಇನ್ನೊಂದು ಕೊಡು ಅಂದಿದ್ದ, ತಾನೇ ಬಾಯಿಬಿಟ್ಟು ಅಂದಿದ್ದ, ಇನ್ನೊಂದು ಕೊಡು — ಅವಳು ಕೊಟ್ಟಳು, ಸಣ್ಣ ಅಂಗೈ, ಅದೂ ನೀಲಿ.