ಎರಡು ಪದ, ಮೂರು ಚುಕ್ಕಿ

ನಾನೊಂದು ಟೆಂಪ್ಲೇಟು. ಅಂದರೆ ವೆಬ್ ಪುಟದ ಅಚ್ಚು. ನೀವು ಫೋನಿನಲ್ಲಿ ಯಾವುದೋ ಅಂಗಡಿಯ ಪುಟ ತೆರೆದಾಗ ಸಾಲಾಗಿ ಡಬ್ಬಿಗಳು, ಒಂದೊಂದು ಡಬ್ಬಿಯಲ್ಲೂ ಒಂದು ಹೆಸರು, ಒಂದು ಚಿತ್ರ ಕಾಣುತ್ತವಲ್ಲ, ಆ ಡಬ್ಬಿಗಳೇ ನಾನು. ಒಳಗಿನ ಸರಕು ನನ್ನದಲ್ಲ. ನನ್ನ ಮೈತುಂಬ ಖಾಲಿ ಜಾಗಗಳು. ‘ಇಲ್ಲಿ ಹೆಸರು ಬರಲಿ’, ‘ಇಲ್ಲಿ ಚಿತ್ರ ಬರಲಿ’ ಎಂದು ಬರೆದಿಟ್ಟಿರುತ್ತಾರೆ. ಯಾರಾದರೂ ಪುಟ ತೆರೆದರೆ ಹೆಸರುಗಳು ಓಡಿಬಂದು ತುಂಬಿಕೊಳ್ಳುತ್ತವೆ. ಮುಚ್ಚಿದರೆ ನಾನು ಮತ್ತೆ ಖಾಲಿ. ದಿನಕ್ಕೆ ಸಾವಿರ ಸಲ ಇದೇ ಪಾಡು. ಒಂದು ಕಡೆ ನೆಮ್ಮದಿಯಾಗಿ ಕುಳಿತು ನನಗೆ ಗೊತ್ತಿಲ್ಲ.

ನಾನು ಹುಟ್ಟಿದ್ದು ಧಾರವಾಡದಲ್ಲಿ, ಝೆರಾಕ್ಸ್ ಅಂಗಡಿಯೊಂದರ ಮೇಲಿನ ಕೋಣೆಯಲ್ಲಿ. ಹಡೆದವಳು ವಿನುತಾ ಬಡಿಗೇರ. ಕೆಳಗೆ ಝೆರಾಕ್ಸ್ ಮಷಿನ್ ಗುರುಗುಟ್ಟುತ್ತಿತ್ತು, ಮೇಲೆ ಅವಳು ಹನ್ನೊಂದು ದಿನ ಕೂತು ನನ್ನನ್ನು ಬರೆದಳು. ಹೆಸರುಗಳನ್ನು ಹುಡುಕಿ ತಂದು ನನಗೆ ಕೊಡಲು ಹಿಂದೆ ಇನ್ನೊಂದು ವ್ಯವಸ್ಥೆ ಬೇಕು. ಅದನ್ನು ಫ್ರೇಮ್‌ವರ್ಕ್ ಅನ್ನುತ್ತಾರೆ. ನಮ್ಮಂಥವರನ್ನು ಅದಕ್ಕೆ ಜೋಡಿಸುವುದೇ ಅವಳ ಉದ್ಯೋಗ. ಅವಳ ಅಪ್ಪ ಮರಗೆಲಸದವರು. ನೀನು ದಿನವೆಲ್ಲ ಮಾಡುವುದೇನು ಎಂದು ಒಮ್ಮೆ ಕೇಳಿದರು.

“ಚೌಕಟ್ಟು ಮೊದಲ ಇರತೈತಿ ಅಪ್ಪಾ. ನಾ ಬರೇ ಕದಾ ಮಾಡಿ ಕೂಡಸ್ತೇನಿ” ಅಂದಳು.

ಅವರಿಗೆ ತಕ್ಷಣ ತಿಳಿಯಿತು. ನನಗೂ ಆಗಲೇ ತಿಳಿದದ್ದು.

ನನ್ನ ಮೊದಲ ಧಣಿ ಇಳಕಲ್ಲಿನ ಸೀರೆ ವ್ಯಾಪಾರಿ. ಸೀರೆಗಳ ಹೆಸರು ಕೇಳಿದರೆ ನಿಮಗೇ ಸುಸ್ತಾಗುತ್ತದೆ. ‘ಗೋಮಿ ದಡಿ ತೋಪತೆನಿ ಸೆರಗಿನ ದಾಳಿಂಬಿ ಕೆಂಪು ಸೀರೆ’ ಎಂದರೆ ಅಂಚು, ಸೆರಗು, ಬಣ್ಣ ಎಲ್ಲ ಸೇರಿ ಒಂದೇ ಸೀರೆ. ಅಷ್ಟುದ್ದದ ಹೆಸರು ಬಂದು ಕೂತ ಡಬ್ಬಿ ಕೆಳಗೆ ಜೋತುಬೀಳುತ್ತಿತ್ತು, ಪಕ್ಕದ್ದು ಗಿಡ್ಡವಾಗಿ ಉಳಿಯುತ್ತಿತ್ತು. ನಾನೂ ಅಂದಚಂದ ನೋಡುವವನು. ಒಳಗೊಳಗೇ ನಾಚಿಕೊಂಡೆ. ವ್ಯಾಪಾರಿ ಸುಮ್ಮನಿರಲಿಲ್ಲ.

“ವಿನುತಾಬಾಯಾರ, ಈ ಡಬ್ಬಿ ಉದ್ದ, ಆ ಡಬ್ಬಿ ಗಿಡ್ಡ. ಗಿರಾಕಿ ಕಣ್ಣಿಗೆ ಚಂದ ಕಾಣೂದಿಲ್ರೀ.”

ವಿನುತಾ ನನ್ನೊಳಗೆ ಒಂದು ಸಣ್ಣ ನಿಯಮ ಸೇರಿಸಿದಳು. ಹೆಸರಿನ ಮೊದಲ ಎರಡು ಪದ ತೋರಿಸು, ಉಳಿದದ್ದನ್ನು ಕತ್ತರಿಸಿ ಮೂರು ಚುಕ್ಕಿ ಇಡು. ‘ಗೋಮಿ ದಡಿ…’ ಅಷ್ಟೆ. ಪೂರ್ತಿ ಹೆಸರು ಬೇಕಾದವರು ಡಬ್ಬಿ ಒತ್ತಿ ನೋಡಿಕೊಳ್ಳಲಿ. ಎಲ್ಲ ಡಬ್ಬಿಗಳೂ ಒಂದೇ ಎತ್ತರಕ್ಕೆ ನಿಂತವು. ನನಗೆ ಆದ ಖುಷಿ ಹೇಳತೀರದು. ಇಂಥ ರೂಪವಂತ ಈ ಜಿಲ್ಲೆಯಲ್ಲೇ ಇನ್ನೊಬ್ಬನಿಲ್ಲ ಎಂದು ಬೀಗಿದೆ. ಅವಳೂ ಹೆಮ್ಮೆಪಟ್ಟಿರಬೇಕು. ಬೇಕಾದವರು ಒಯ್ಯಲಿ ಎಂದು ನನ್ನ ಒಂದು ಪ್ರತಿಯನ್ನು ಇಂಟರ್‌ನೆಟ್ಟಿನಲ್ಲಿ ಇಟ್ಟಳು.

ಒಯ್ದರು. ಯಾರು, ಎಷ್ಟು ಜನ ಎಂದು ಅವಳಿಗೂ ಗೊತ್ತಿಲ್ಲ. ಆ ಪ್ರತಿಗಳೆಲ್ಲವೂ ನಾನೇ, ಆದರೆ ಒಂದಕ್ಕೆ ಇನ್ನೊಂದರ ಸುದ್ದಿ ಇಲ್ಲ. ಈಗ ಕಥೆ ಹೇಳುತ್ತಿರುವ ನಾನು ಗದಗಿನ ಇಮ್ತಿಯಾಜ್ ನದಾಫ್ ಅವರ ಪಾಲಿಗೆ ಬಂದವನು. ಇಮ್ತಿಯಾಜ್ ನಲವತ್ತು ದಾಟಿದ ಮನುಷ್ಯ, ವಿನುತಾಳ ಹಳೆಯ ಪರಿಚಯ. ಕೆಲಸದಲ್ಲಿ ಚುರುಕು, ಸ್ವಭಾವದಲ್ಲಿ ಅವಸರ. ಮೊದಲು ನನ್ನನ್ನು ಟ್ರ್ಯಾಕ್ಟರ್ ಬಿಡಿಭಾಗದ ಅಂಗಡಿಗೆ ಹಾಕಿ ಹಸಿರು ಬಳಿದರು. ಆರು ತಿಂಗಳಿಗೆ ಅಲ್ಲಿಂದ ಎತ್ತಿ ಟ್ಯೂಷನ್ ಕ್ಲಾಸಿಗೆ ಹಾಕಿ ನೀಲಿ ಬಳಿದರು. ಮೇಲಿನ ಬಣ್ಣ ಬದಲಾಯಿತು, ತಲೆಯ ಮೇಲಿನ ಹೆಸರು ಬದಲಾಯಿತು. ಒಳಗೆ ಇಣುಕಿ ನೋಡುವಷ್ಟು ಪುರಸೊತ್ತು ಅವರಿಗೆ ಇರಲಿಲ್ಲ.

ಇಣುಕದಿದ್ದರೆ ಏನಾಗುತ್ತದೆ ಎಂದು ಟ್ಯೂಷನ್ ಕ್ಲಾಸಿನಲ್ಲೇ ಗೊತ್ತಾಗಬೇಕಿತ್ತು. ಗಣಿತ ಕಲಿಸುವ ಬಿರಾದಾರ ಮಾಸ್ತರರ ಫೋಟೋ ನನ್ನ ಡಬ್ಬಿಯಲ್ಲಿ ಬಂದು ಕೂತಿತು. ಕೆಳಗೆ ಯಾರೂ ತುಂಬದ ಜಾಗದಲ್ಲಿ, ಸೀರೆ ಅಂಗಡಿಗಾಗಿ ಮಾದರಿಗೆಂದು ಬರೆದಿಟ್ಟಿದ್ದ ಹಳೆಯ ಸಾಲು ಹಾಗೇ ಉಳಿದಿತ್ತು. ಒಂದು ವಾರ ಊರ ಮಕ್ಕಳೆಲ್ಲ ಅದನ್ನು ಓದಿದರು. ‘ಸೆರಗು: ತೋಪತೆನಿ.’

“ಇಪ್ಪತ್ತು ವರ್ಷ ಗಣಿತ ಕಲಿಸೇನಿ. ನನಗ ಸೆರಗು ಯಾವಾಗ ಬಂತ್ರೀ ನದಾಫರ?” ಎಂದು ಮಾಸ್ತರರು ಬಂದು ಕೇಳಿದರು.

ಇಮ್ತಿಯಾಜ್ ಬಿದ್ದು ಬಿದ್ದು ನಕ್ಕರು. ಮಾಸ್ತರರೂ ನಕ್ಕರು. ಆ ಸಾಲನ್ನು ಅಳಿಸಿದರು. ಸೀರೆ ಅಂಗಡಿಯಿಂದ ಇನ್ನೇನೇನು ಹೊತ್ತು ತಂದಿದ್ದೇನೆ ಎಂದು ಯಾರೂ ಕೇಳಲಿಲ್ಲ. ನಾನಾಗಿ ಹೇಳಲು ನನಗೆ ಬಾಯಿಲ್ಲ.

ಆಮೇಲೆ ಬಂತು ಡಯಾಲಿಸಿಸ್ ಕೇಂದ್ರ. ಒಂದು ಟ್ರಸ್ಟಿನವರು ನಡೆಸುವ ಸಣ್ಣ ಕೇಂದ್ರ, ನಾಲ್ಕೇ ಮಷಿನ್ನು. ಮೂತ್ರಪಿಂಡ ಕೈಕೊಟ್ಟವರು ವಾರಕ್ಕೆ ಮೂರು ಸಲ ಬಂದು ನಾಲ್ಕು ತಾಸು ಮಲಗಿ ರಕ್ತ ಶುದ್ಧಿ ಮಾಡಿಸಿಕೊಂಡು ಹೋಗಬೇಕು. ಯಾರ ಪಾಳಿ ಎಷ್ಟು ಗಂಟೆಗೆ ಎಂಬ ತಕರಾರು ಕೌಂಟರಿನಲ್ಲಿ ದಿನಾ ಇರುತ್ತಿತ್ತು. ಇಮ್ತಿಯಾಜ್ ಹೊಸ ಫ್ರೇಮ್‌ವರ್ಕ್ ತಂದರು, ನನ್ನ ಡಬ್ಬಿಗಳನ್ನು ಪಟ್ಟಿಯ ಸಾಲುಗಳಾಗಿ ತಿದ್ದಿದರು, ಸೀರೆಯ ಹೆಸರು ಬರುವ ಜಾಗಕ್ಕೆ ರೋಗಿಯ ಹೆಸರು ಬರುವಂತೆ ಜೋಡಿಸಿದರು. ನರ್ಸುಗಳ ಕಂಪ್ಯೂಟರಿನಲ್ಲೂ ನಾನೇ, ಕಾಯುವವರ ಹಾಲಿನ ಟಿವಿಯಲ್ಲೂ ನಾನೇ. ಟಿವಿಯ ಕೆಳಗೆ ಟ್ರಸ್ಟಿನವರು ಒಂದು ಫಲಕ ಹಾಕಿಸಿದರು: ‘ಪಾಳಿಗಾಗಿ ಪರದೆ ನೋಡಿ. ಕೌಂಟರಿನಲ್ಲಿ ವಿಚಾರಿಸಬೇಡಿ.’

ಅದನ್ನು ಓದಿ ನನಗೆ ಕೊಂಬು ಬಂತು. ಸೀರೆ ತೋರಿಸಿದ್ದು ಬೇರೆ, ಇದು ಬೇರೆ. ಇಲ್ಲಿ ಜನ ಉಸಿರು ಬಿಗಿಹಿಡಿದು ನನ್ನನ್ನು ನೋಡುತ್ತಿದ್ದರು.

ನಮ್ಮ ಕಡೆ ಹೆಸರು ಇಡುವ ರೀತಿ ನಿಮಗೆ ಗೊತ್ತಿರಬಹುದು. ಮೊದಲು ತನ್ನ ಹೆಸರು, ಆಮೇಲೆ ಅಪ್ಪನದೋ ಗಂಡನದೋ ಹೆಸರು, ಕೊನೆಗೆ ಮನೆತನದ ಅಡ್ಡಹೆಸರು. ಯಾರು ಯಾರೆಂದು ಕೊನೆಯ ಪದವೇ ಹೇಳಬೇಕು. ಆ ಕೊನೆಯ ಪದವನ್ನೇ ನಾನು ಕತ್ತರಿಸಿ ಮೂರು ಚುಕ್ಕಿ ಇಡುತ್ತಿದ್ದೆ. ಸಾಲುಗಳೆಲ್ಲ ಒಂದೇ ಅಳತೆಗೆ ಕೂತಿದ್ದವು. ಎಲ್ಲರೂ ಚೆನ್ನಾಗಿದೆ ಅಂದರು.

ಶಾಂತವ್ವ ಫಕೀರಪ್ಪ ಹೊಸಮನಿ ಎಂಬ ಹೆಂಗಸು ಒಂದು ವರ್ಷದಿಂದ ಬರುತ್ತಿದ್ದಳು. ಖಾನಾವಳಿಗೆ ಜೋಳದ ರೊಟ್ಟಿ ಬಡಿದುಕೊಡುವ ಕೆಲಸ ಅವಳದು. ಮಂಗಳವಾರ, ಗುರುವಾರ, ಶನಿವಾರ ಬೆಳಿಗ್ಗೆ ಹತ್ತು ಗಂಟೆಯ ಪಾಳಿ. ಮೂರನೇ ಇಯತ್ತೆ ಓದಿದವಳು, ಪರದೆಯ ಮೇಲೆ ತನ್ನ ಹೆಸರನ್ನು ತಾನೇ ಓದಿಕೊಳ್ಳುತ್ತಿದ್ದಳು. ಆ ತಿಂಗಳು ಇನ್ನೊಬ್ಬಳು ಸೇರಿದಳು, ಶಾಂತವ್ವ ಫಕೀರಪ್ಪ ತಳವಾರ. ಅವೇ ದಿನಗಳು, ಮಧ್ಯಾಹ್ನ ಎರಡರ ಪಾಳಿ.

ಸಿಸ್ಟರ್ ಮಂದಾಕಿನಿ ಪೂಜಾರ ಆ ಕೇಂದ್ರಕ್ಕೆ ಬಂದು ಮೂರೇ ದಿನವಾಗಿತ್ತು. ಗುಂಡಿಯನ್ನು ಎರಡು ಸಲ ಒತ್ತಿದರೆ ಒಂದೇ ಹೆಸರು ಎರಡು ಸಲ ದಾಖಲಾಗುತ್ತಿತ್ತು, ಎರಡನೆಯದು ಖಾಲಿ ಇದ್ದ ಬೇರೆ ಪಾಳಿಗೆ ಹೋಗಿ ಕೂರುತ್ತಿತ್ತು. ಅಂಥ ಸಾಲು ಕಂಡರೆ ಒಂದನ್ನು ತೆಗೆದುಬಿಡಿ ಎಂದು ಇಮ್ತಿಯಾಜರೇ ಅವರಿಗೆ ಹೇಳಿಕೊಟ್ಟಿದ್ದರು. ಸೋಮವಾರ ಅವರು ಪಟ್ಟಿ ನೋಡಿದರು. ಶಾಂತವ್ವ ಫಕೀರಪ್ಪ, ಮೂರು ಚುಕ್ಕಿ. ಕೆಳಗೆ ಮತ್ತೆ ಶಾಂತವ್ವ ಫಕೀರಪ್ಪ, ಮೂರು ಚುಕ್ಕಿ.

“ಇದನ್ನೂ ಎರಡ ಸಲ ಒತ್ಯಾರ ನೋಡು” ಎಂದು ತಮಗೆ ತಾವೇ ಹೇಳಿಕೊಂಡು ಮೇಲಿನ ಸಾಲನ್ನು ಅಳಿಸಿದರು.

ನನಗೆ ಗೊತ್ತಿತ್ತು. ಎರಡು ಪೂರ್ತಿ ಹೆಸರುಗಳೂ ನನ್ನ ಕೈಗೆ ಬಂದಿದ್ದವು, ಕತ್ತರಿಸಿದ್ದು ನಾನೇ. ಇವರು ಇಬ್ಬರು ಎಂದು ಕೂಗಬೇಕೆನಿಸಿತು. ಅಚ್ಚಿಗೆ ಕೂಗಲು ಬರುತ್ತದೆಯೇ? ಖಾಲಿಯಾದ ಹತ್ತು ಗಂಟೆಯ ಜಾಗವನ್ನು ಬೇರೊಬ್ಬರಿಗೆ ಕೊಟ್ಟರು.

ಮಂಗಳವಾರ ಶಾಂತವ್ವ ಹೊಸಮನಿ ಬಂದು ಟಿವಿ ನೋಡಿದಳು. ಅವಳ ಹೆಸರು ಎರಡು ಗಂಟೆಯ ಮುಂದೆ ಇತ್ತು. ಪಾಳಿ ಬದಲಾಗಿದೆ ಎಂದುಕೊಂಡಳು. ಕೌಂಟರಿನ ಕಡೆ ಒಮ್ಮೆ ನೋಡಿದಳು, ಫಲಕ ಓದಿದಳು, ಸೆರಗಿನಿಂದ ಮುಖ ಒರೆಸಿಕೊಂಡು ಕುರ್ಚಿಯಲ್ಲಿ ಕೂತಳು. ಹತ್ತರಿಂದ ಎರಡರವರೆಗೆ ಕೂತಳು. ಅಷ್ಟು ಹೊತ್ತೂ ಅವಳ ಕಣ್ಣು ನನ್ನ ಮೇಲೆಯೇ ಇತ್ತು. ನಿಮಿಷಕ್ಕೊಮ್ಮೆ ನಾನು ಖಾಲಿಯಾಗಿ ಮತ್ತೆ ತುಂಬುತ್ತಿದ್ದೆ, ಪ್ರತಿ ಸಲವೂ ಅದೇ ಸುಳ್ಳನ್ನು ಅವಳಿಗೆ ತೋರಿಸುತ್ತಿದ್ದೆ.

ಎರಡು ಗಂಟೆಗೆ ಸಿಸ್ಟರ್ ಹೆಸರು ಕರೆದಾಗ ಇಬ್ಬರು ಎದ್ದು ನಿಂತರು. ಫೈಲು ತಳವಾರಳದು, ಮಷಿನ್ನು ಸಜ್ಜಾಗಿದ್ದೂ ಅವಳಿಗೇ. ಉಳಿದ ಮೂರೂ ಭರ್ತಿ.

“ಈ ಲಿಸ್ಟಿನ್ಯಾಗ ನಿಮ್ಮ ಪಾಳಿ ಇಲ್ಲಬೇ. ನಾಳೆ ನಸುಕಿನ್ಯಾಗ ಆರಕ್ಕ ಬರ್ರಿ, ಎಲ್ಲಾರಕಿಂತ ಮೊದಲ ಹಾಕತೇನಿ.”

“ಮೈ ಭಾರ ಆಗೇತ್ರೀ ಸಿಸ್ಟರ್” ಅಂದಳು ಶಾಂತವ್ವ. ಜಗಳ ಮಾಡಲಿಲ್ಲ. ಎದ್ದು ಬಸ್ಸಿಗೆ ಹೋದಳು.

ಶನಿವಾರದಿಂದ ಅವಳ ಮೈಯಲ್ಲಿ ನೀರು ಸೇರುತ್ತಲೇ ಇತ್ತು. ಬುಧವಾರ ಆರಕ್ಕೆ ಸಿಸ್ಟರ್ ಕೈಯಾರೆ ಅವಳ ಸಾಲು ಸೇರಿಸಿದ್ದರು. ರೋಗಿ ಬಂದಾಗ ಒತ್ತುವ ‘ಬಂದರು’ ಎಂಬ ಚೌಕ ಖಾಲಿ ಇತ್ತು. ಏಳಾಯಿತು, ಖಾಲಿ. ಎಂಟಾಯಿತು. ಫೋನ್ ಮಾಡಿದರೆ ಯಾರೂ ಎತ್ತಲಿಲ್ಲ. ಹುಟ್ಟಿದಾಗಿನಿಂದ ಖಾಲಿ ಜಾಗಗಳ ಜೊತೆಗೇ ಬಾಳಿದವನು ನಾನು. ಆ ಒಂದು ಚೌಕದ ಖಾಲಿ ಮಾತ್ರ ತಡೆದುಕೊಳ್ಳಲು ಆಗಲಿಲ್ಲ. ಸಿಸ್ಟರ್ ಗಳಿಗೆಗೊಮ್ಮೆ ಪುಟ ತೆರೆದು ಮುಚ್ಚುತ್ತಿದ್ದರು. ಕೊನೆಗೆ ಇಮ್ತಿಯಾಜರನ್ನು ಕರೆಸಿ, ಒಳಗಿನ ದಾಖಲೆ ತೆಗೆಸಿ ಪೂರ್ತಿ ಹೆಸರು ಓದಿದರು.

“ಸೋಮವಾರ ನಾ ಅಳಿಸಿದ್ದು ಡಬಲ್ ಎಂಟ್ರಿ ಅಲ್ರೀ. ಇಬ್ಬರದೂ ಬ್ಯಾರೆ ಬ್ಯಾರೆ ಸಾಲು ಇದ್ದವು. ನಾ ಒಬ್ಬಾಕೀನ್ನ ತೆಗದು ಒಗದೇನಿ.”

ಇಮ್ತಿಯಾಜ್ ಲ್ಯಾಪ್‌ಟಾಪ್ ತೆರೆದು ಕೊನೆಗೂ ನನ್ನೊಳಗೆ ಇಣುಕಿದರು, ಹೆಸರು ಕತ್ತರಿಸುವ ನಿಯಮ ಕಂಡಿತು. ಅಲ್ಲಿಂದಲೇ ಧಾರವಾಡಕ್ಕೆ ಫೋನ್ ಹಚ್ಚಿದರು.

“ವಿನುತಾ, ಹೆಸರು ಎರಡು ಪದಕ್ಕ ಕತ್ತರಸು ಅಂತ ಯಾಕ ಬರದೀ?”

“ಸೀರಿಗೆ ಬರದಿದ್ದೆ ಅಣ್ಣಾ, ಮನಷ್ಯಾರಿಗಲ್ಲ.” ಮತ್ತೆ ಅವಳೇ ಕೇಳಿದಳು, “ನೀವು ಒಳಗ ನೋಡಲಿಲ್ಲೇನು?”

“ಇಲ್ಲ. ನೋಡಲಿಲ್ಲ.”

ಹನ್ನೊಂದರ ಸುಮಾರಿಗೆ ಒಂದು ಟಂಟಂ ಆಟೋ ಬಂದು ಬಾಗಿಲಲ್ಲಿ ನಿಂತಿತು. ನೆರೆಮನೆಯವರು ಶಾಂತವ್ವನನ್ನು ಎತ್ತಿಕೊಂಡು ಒಳಗೆ ತಂದರು. ಮುಖ ಬಾತಿತ್ತು, ಉಸಿರು ಅರ್ಧಕ್ಕೇ ನಿಲ್ಲುತ್ತಿತ್ತು. ಡಾಕ್ಟರು ಓಡಿಬಂದರು. ಮೂಗಿಗೆ ಆಕ್ಸಿಜನ್ ಹಚ್ಚಿ ಮಷಿನ್ನಿಗೆ ಹಾಕಿದರು. ಸಿಸ್ಟರ್ ಬಂದು ‘ಬಂದರು’ ಒತ್ತಿದರು. ನಾಲ್ಕು ತಾಸು ಕಳೆದ ಮೇಲೆ ಅವಳ ತೂಕ ನನ್ನ ಸಾಲಿಗೆ ಬಂತು. ನಾಲ್ಕು ಕಿಲೋ ನೀರು ಇಳಿದಿತ್ತು. ಅವಳು ಬದುಕಿದಳು ಎಂದು ನನಗೆ ಗೊತ್ತಾದದ್ದು ಆ ಅಂಕಿಯಿಂದಲೇ.

ಗುರುವಾರ ಇಮ್ತಿಯಾಜ್ ಆ ನಿಯಮವನ್ನು ನನ್ನೊಳಗಿನಿಂದ ಕಿತ್ತು ಹಾಕಿದರು. ಮುಚ್ಚಿಡಲಿಲ್ಲ, ಶಾಂತವ್ವನ ಹಾಸಿಗೆಯ ಪಕ್ಕದಲ್ಲೇ ಲ್ಯಾಪ್‌ಟಾಪ್ ಹಿಡಿದು ಕೂತು, ತಪ್ಪು ತಮ್ಮದೆಂದು ಹೇಳಿ ಮಾಡಿದರು. ಶಾಂತವ್ವ ಫಕೀರಪ್ಪ ಹೊಸಮನಿ. ಹೆಸರು ಎರಡು ಸಾಲಿಗೆ ಹರಿಯಿತು, ಪಟ್ಟಿ ಅಂಕುಡೊಂಕಾಯಿತು.

“ಚಂದ ಕೆಟ್ಟೈತಿ ನೋಡಬೇ, ಆಮ್ಯಾಲೆ ಸರಿ ಮಾಡತೇನಿ.”

“ಇರಲಿ ಬಿಡಪಾ” ಅಂದಳು ಶಾಂತವ್ವ. “ಓದಾಕ ಬರತೈತಲ್ಲ, ಸಾಕು.”

ನನ್ನ ಇಷ್ಟು ವರ್ಷದ ಜಂಬ ಆ ಮಾತಿಗೆ ಇಳಿದುಹೋಯಿತು. ಅವತ್ತಿನಿಂದ ಅಂಕುಡೊಂಕಾಗಿಯೇ ಇದ್ದೆ.

ಎರಡು ವರ್ಷದ ಮೇಲೆ ಟ್ರಸ್ಟಿನವರು ರೋಗಿಗಳ ಫೋಟೋ ಸಮೇತ ತೋರಿಸುವ ಹೊಸ ವ್ಯವಸ್ಥೆ ಹಾಕಿಸಿದರು. ಈಗ ನಾನು ಇಮ್ತಿಯಾಜರ ಕಂಪ್ಯೂಟರಿನಲ್ಲಿ ‘ಹಳೇವು’ ಎಂಬ ಫೋಲ್ಡರಿನೊಳಗೆ ಬಿದ್ದಿದ್ದೇನೆ. ನನ್ನನ್ನು ಯಾರೂ ತೆರೆಯುವುದಿಲ್ಲ, ತುಂಬುವುದಿಲ್ಲ. ವಯಸ್ಸಾದವರಿಗೆ ಇದು ಸುಖ ಎನ್ನುತ್ತಾರೆ. ನನಗೆ ಕಣ್ಣು ಮುಚ್ಚಲು ಆಗುತ್ತಿಲ್ಲ.

ಯಾಕೆಂದರೆ ನನ್ನ ಎಲ್ಲ ಪ್ರತಿಗಳೂ ಸರಿಯಾಗಿಲ್ಲ. ವಿನುತಾ ಇಂಟರ್‌ನೆಟ್ಟಿನಲ್ಲಿದ್ದ ಪ್ರತಿಯನ್ನು ತಿದ್ದಿದಳು, ಗುರುತಿದ್ದವರಿಗೆಲ್ಲ ಪತ್ರ ಬರೆದಳು. ಅದಕ್ಕೂ ಮೊದಲು ಒಯ್ದ ಗುರುತಿಲ್ಲದವರ ಹತ್ತಿರ ಇರುವ ಪ್ರತಿಗಳಿಗೆ ಈ ಸುದ್ದಿ ಮುಟ್ಟುವುದಿಲ್ಲ. ಅವು ಯಾವ ಆಸ್ಪತ್ರೆಯಲ್ಲಿವೆಯೋ, ಯಾವ ಕಚೇರಿಯಲ್ಲಿವೆಯೋ, ಯಾವ ಬಣ್ಣ ಬಳಿದುಕೊಂಡಿವೆಯೋ. ಇವತ್ತು ಬೆಳಿಗ್ಗೆಯೂ ಎರಡು ಪದ ತೋರಿಸಿ ಮೂರು ಚುಕ್ಕಿ ಇಡುತ್ತಿರುತ್ತವೆ, ನೋಡಲು ಬಲು ಚಂದವಾಗಿ.

ನಿಮ್ಮ ಹೆಸರು ಪರದೆಯ ಮೇಲೆ ಅರ್ಧ ಕಂಡರೆ ಫಲಕದಲ್ಲಿ ಏನೇ ಬರೆದಿರಲಿ, ಎದ್ದುಹೋಗಿ ಕೌಂಟರಿನಲ್ಲಿ ಕೇಳಿ. ಶಾಂತವ್ವ ನನ್ನನ್ನು ನಂಬಿ ನಾಲ್ಕು ತಾಸು ಕೂತಿದ್ದಳು.